ಏಳದ ಚುಕ್ಕೆ

ಎರಡು ಸಾವಿರದ ಹನ್ನೆರಡನೇ ಇಸವಿಯ ಫೆಬ್ರವರಿಯಲ್ಲಿ ಒಂದು ಭಾನುವಾರ, ಮುಂಬಯಿ ಪಕ್ಕದ ಠಾಣೆ ಊರಿನ ಮಾಜಿವಾಡಾದಲ್ಲಿ, ಇಬ್ಬರು ಡಾಕ್ಟರುಗಳ ಕಣ್ಣೆದುರಿಗೆ, ನನ್ನ ಮೈಯೊಳಗಿನ ಅಷ್ಟೂ ರಕ್ತನಾಳಗಳನ್ನು ನಾನು ಬರೀ ಬಾಯಿಮಾತಿನಿಂದ ಇಪ್ಪತ್ತು ನಿಮಿಷ ಹಿಡಿದು ನಿಲ್ಲಿಸಿದ್ದೆ. ಎಡಗೈಯದ್ದು ಮಾತ್ರ ಅಲ್ಲ, ಅಷ್ಟೂ. ಏಳಿ ಎಂದರೆ ಏಳಬೇಕು, ಕೂರಿ ಎಂದರೆ ಕೂರಬೇಕು. ಅವತ್ತು ನಾನು ಏಳಿ ಎಂದು ಹೇಳಲಿಲ್ಲ, ಆದ್ದರಿಂದ ಅವು ಏಳಲಿಲ್ಲ. "ಇಂಥ ಕೈಯನ್ನು ನಾನು ಎಲ್ಲಿಯೂ ನೋಡಿಲ್ಲ" ಎಂದು ದೊಡ್ಡ ಆಸ್ಪತ್ರೆಯ ಡಾಕ್ಟರೇ ಬಾಯಿಬಿಟ್ಟು ಹೇಳಿದರು. ನಂಬದವರು ಹಣಮಂತ್ರಾಯನನ್ನು ಕೇಳಬಹುದು, ಅವನು ನನ್ನ ಪಕ್ಕದ ಕುರ್ಚಿಯಲ್ಲೇ ಇದ್ದ. ಕೇಳಿದ ಕೂಡಲೇ ಅವನು ನಗುತ್ತಾನೆ. ಆ ನಗುವಿಗೆ ನೀವು ತಲೆ ಕೆಡಿಸಿಕೊಳ್ಳಬೇಡಿ.

ನಾನು ಮುರಾರಿ. ಡೊಂಬಿವಲಿ ಪೂರ್ವದಲ್ಲಿ ಸ್ಟೇಶನ್ನಿನಿಂದ ಏಳು ನಿಮಿಷದ ದಾರಿಯಲ್ಲಿ, ನಾನು ನಡೆದರೆ ನಾಲ್ಕು, ಡಾಕ್ಟರ್ ವೇದಾವತಿಯವರ ಹಲ್ಲಿನ ದವಾಖಾನೆ ಇದೆ. ಅಲ್ಲಿ ಬಾಗಿಲ ಹತ್ತಿರದ ಮೇಜು ನನ್ನದು. ಪೇಶೆಂಟಿನ ಹೆಸರು ಬರೆಯುವುದು, ಕೂರಿಸುವುದು, ಹೆದರಿದವರಿಗೆ ಧೈರ್ಯ ಹೇಳುವುದು, ಹೆದರದವರಿಗೆ ಸ್ವಲ್ಪ ಹೆದರಿಕೆ ಹುಟ್ಟಿಸಿ ಆಮೇಲೆ ಧೈರ್ಯ ಹೇಳುವುದು. ಅದಕ್ಕೂ ಮೊದಲು ಹದಿನೆಂಟು ವರ್ಷ ನಾನು ಹೋಟೆಲಿನಲ್ಲಿ ಕ್ಯಾಪ್ಟನ್. ಒಂದು ಕೈಯಲ್ಲಿ ಹನ್ನೆರಡು ಮಸಾಲೆದೋಸೆ ತಂದವ. ಹೋಟೆಲು ಮುಚ್ಚಿದಾಗ, ಪ್ರತಿ ಶನಿವಾರ ನೀರುದೋಸೆಗೆ ಬರುತ್ತಿದ್ದ ಈ ಡಾಕ್ಟ್ರು, "ಮುರಾರಿ, ನಿಮ್ಮ ಬಾಯಿ ಇಷ್ಟು ಓಡುತ್ತದೆ, ನಮ್ಮಲ್ಲಿ ಬಾಯಿ ತೆರೆಯಲಿಕ್ಕೇ ಜನ ಹೆದರುತ್ತಾರೆ, ಬನ್ನಿ" ಎಂದು ಕರೆದುಕೊಂಡರು.

ನಾನು ಪೇಶೆಂಟುಗಳಿಗೆ ಹೇಳುವುದು ಒಂದೇ ಮಾತು: "ಅರವತ್ತಮೂರು ಸಲ ರಕ್ತದಾನ ಮಾಡಿದವ ನಾನು. ಸೂಜಿ ನನ್ನನ್ನು ಕಂಡರೆ ತಾನೇ ಬಗ್ಗುತ್ತದೆ." ಇದನ್ನು ಕೇಳಿ ಎಷ್ಟೋ ಮಕ್ಕಳು ಅಳು ನಿಲ್ಲಿಸಿದ್ದಾರೆ. ಡಾಕ್ಟ್ರು ಮಾತ್ರ ಕನ್ನಡಕದ ಮೇಲಿನಿಂದ ನೋಡುತ್ತಿದ್ದರು.

ಆ ಫೆಬ್ರವರಿಯ ಒಂದು ಸೋಮವಾರ ಬೆಳಗ್ಗೆ ಬಾಗಿಲಲ್ಲಿ ಮೊದಲು ಒಂದು ಕೆನ್ನೆ ಬಂತು. ಸ್ವಲ್ಪ ಹೊತ್ತು ಬಿಟ್ಟು ಅದರ ಹಿಂದೆ ಹಣಮಂತ್ರಾಯ ಬಂದ. ಅಷ್ಟು ದೊಡ್ಡ ಊತ. ಕಲಬುರಗಿ ಕಡೆಯವನು, ನವಿ ಮುಂಬಯಿಯ ಸೀವುಡ್ಸ್‌ನಲ್ಲಿ ಸ್ಟೇಶನ್ನಿನ ಹತ್ತಿರ ಏಳುತ್ತಿದ್ದ ಕಟ್ಟಡದಲ್ಲಿ ಕಬ್ಬಿಣದ ಸರಳು ಕಟ್ಟುವ ಕೆಲಸ. ಹಿಂದೆ ಹೆಂಡತಿ ಮರಗಮ್ಮ, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ನಾಲ್ಕು ಮಡಿಕೆಯ ಒಂದು ಕಾರ್ಡು.

"ಡಾಕ್ಟರ್ ಬಾಯಾರ, ಸೂಜಿ ಹಾಕಬ್ಯಾಡ್ರಿ" ಎಂದ ಹಣಮಂತ್ರಾಯ, ಕುರ್ಚಿಯಲ್ಲಿ ಕೂರುವ ಮೊದಲೇ. "ಹಂಗೇ ಕಿತ್ತ್ ಒಗೀರಿ. ನಾ ಕುರ್ಚಿ ಗಟ್ಟಿ ಹಿಡ್ಕೊಂಡ್ ಕೂಡ್ತೀನಿ."

"ನಾನು ಹಲ್ಲು ಕೀಳುವವಳಪ್ಪ, ಹಲಗೆಯಿಂದ ಮೊಳೆ ಕೀಳುವವಳಲ್ಲ" ಎಂದರು ಡಾಕ್ಟ್ರು. "ಯಾಕೆ ಸೂಜಿ ಬೇಡ?"

ಮರಗಮ್ಮ ಕಾರ್ಡು ಬಿಚ್ಚಿ ಮುಂದಿಟ್ಟಳು. ಹಿಂದಿನ ವರ್ಷ ಕಲ್ಯಾಣದಲ್ಲಿ ಎಲ್ಲೋ ನಡೆದ ಪುಕ್ಕಟೆ ಹಲ್ಲಿನ ಶಿಬಿರದ ಕಾರ್ಡು. ಅದರ ಮೇಲೆ ಕೆಂಪು ಶಾಯಿಯಲ್ಲಿ, ಕೆಳಗೆ ಎರಡು ಗೆರೆ ಎಳೆದು, ಮರಗಟ್ಟಿಸುವ ಮದ್ದಿನ ಹೆಸರು: ಲಿಗ್ನೋಕೇನ್. ಪಕ್ಕದಲ್ಲಿ ಅಲರ್ಜಿ.

"ಮೂರ್ ದವಾಖಾನಿ ಅಡ್ಡಾಡೀವ್ರಿ ಅಕ್ಕಾರ" ಎಂದಳು ಮರಗಮ್ಮ. "ಈ ಚೀಟಿ ನೋಡೂದು, ಹಿಂದಕ್ ಕಳಸೂದು. ಹದಿನೈದ್ ದಿನಾ ಆತು, ರೊಟ್ಟಿ ನೀರಾಗ ನೆನಸಿ ತಿನ್ಲತ್ತಾರ. ಮನ್ನಿ ನೋವಿನ ಗುಂಗಿನ್ಯಾಗ ಮ್ಯಾಲಿಂದ ಕಾಲ್ ಜಾರಿ, ಪಕ್ಕದಾಂವ ಅಂಗಿ ಹಿಡದಾನಂತ ಉಳದಾರ. ಚೀಟಿ ಹರದ್ ಒಗದು ಬ್ಯಾರೆ ಕಡಿ ಹೋಗೂಣು ಅಂದೆ. ಹರೀಲಾಕ ಇವರಿಗಿ ಧೈರ್ಯ ಇಲ್ಲ."

"ಹರಿಯದೆ ಇದ್ದದ್ದೇ ಒಳ್ಳೆಯದಾಯಿತು" ಎಂದು ಡಾಕ್ಟ್ರು ಕುರ್ಚಿ ಹತ್ತಿರ ಎಳೆದುಕೊಂಡರು. ಅವರಿಗೆ ಕುತೂಹಲ ಹಿಡಿದರೆ ಹಾಗೆ, ಕುರ್ಚಿ ಮುಂದೆ ಬರುತ್ತದೆ. "ಅವತ್ತು ಸೂಜಿ ಹಾಕಿದಾಗ ಮೊದಲು ಏನಾಯಿತು ಹೇಳು."

"ಎದಿ ಡಬ್ ಡಬ್ ಅಂತ್ರಿ. ಕೈ ನಡಗಿದ್ವು. ಆಮ್ಯಾಲ ಚಾ ಕುಡಿಯೂವಷ್ಟ್ ಹೊತ್ತಿಗಿ ಕುತಗಿ ಮ್ಯಾಲ ಕೆಂಪ ದದ್ದ ಎದ್ದು ಕೆರೀಲಾಕ ಹತ್ತು."

"ಎದೆ ಮೊದಲು, ದದ್ದು ಆಮೇಲೆ. ಮದ್ದಿನ ಬಾಟಲಿ ದೊಡ್ಡದಿತ್ತಾ?"

"ಹೌದ್ರಿ. ಎಲ್ಲಾರಿಗೂ ಅದರಾಗಿಂದೇ ತಗೀತಿದ್ರು."

ಡಾಕ್ಟ್ರು ಊತ ಇಳಿಯಲಿಕ್ಕೆ ಮದ್ದು ಬರೆದುಕೊಟ್ಟರು. ಹಲ್ಲಿನ ಬುಡ ಕೆಟ್ಟು ಕೀವಾಗಿದೆ, ಈ ಮದ್ದು ಎಂಟೊಂಬತ್ತು ದಿನ ತಡೆದೀತು, ಅಷ್ಟರೊಳಗೆ ಹಲ್ಲು ಹೊರಗೆ ಬರಬೇಕು ಎಂದರು. ಮರಗಟ್ಟಿಸದೆ ನಾನು ಕೀಳುವುದಿಲ್ಲ, ಈ ಕಾರ್ಡಿನ ನಿಜ ತಿಳಿಯದೆ ಮರಗಟ್ಟಿಸುವುದೂ ಇಲ್ಲ, ನಿಜ ತಿಳಿಯುವ ದಾರಿ ಮಾಡುತ್ತೇನೆ ಎಂದರು. ಹಣಮಂತ್ರಾಯ ಅವರ ಮುಖವನ್ನೇ ನೋಡಿದ. ಕಾರ್ಡು ನೋಡಿಯೂ ಹಿಂದಕ್ಕೆ ಕಳಿಸದ ಮೊದಲ ಡಾಕ್ಟರು.

ಅವರು ಹೋದ ಮೇಲೆ ಡಾಕ್ಟ್ರು ನಮ್ಮದೇ ಮದ್ದಿನ ದೊಡ್ಡ ಬಾಟಲಿಯನ್ನು ನನ್ನ ಮೇಜಿನ ಮೇಲಿಟ್ಟರು. ರಬ್ಬರ್ ಮುಚ್ಚಳದ, ದಿನಕ್ಕೆ ಹತ್ತು ಸಲ ಸೂಜಿ ಚುಚ್ಚಿ ಎಳೆಯುವ ಬಾಟಲಿ.

"ಮುರಾರಿ, ಇದರೊಳಗೆ ಎಷ್ಟು ಜನ ಇದ್ದಾರೆ ಹೇಳಿ."

"ಜನ ಎಂತದ್ದು ಡಾಕ್ಟ್ರೆ? ಮದ್ದು."

"ನಾಲ್ಕು ಜನ. ಒಂದು, ಮರಗಟ್ಟಿಸುವ ಮದ್ದು. ಅವನಿಗೊಂದು ಕೆಟ್ಟ ಚಾಳಿ. ಹೋದಲ್ಲಿ ರಕ್ತನಾಳಗಳನ್ನು ಅಗಲ ಮಾಡುತ್ತಾನೆ. ಅಗಲವಾದರೆ ರಕ್ತ ಜಾಸ್ತಿ ಹರಿದು ಅವನನ್ನೇ ತೊಳೆದುಕೊಂಡು ಹೋಗುತ್ತದೆ. ಕೆಲಸ ಮುಗಿಯುವ ಮೊದಲೇ ಆಸಾಮಿ ನಾಪತ್ತೆ. ಅದಕ್ಕೆ ಎರಡನೆಯವ, ಅಡ್ರಿನಲಿನ್. ಅವನು ನಾಳಗಳನ್ನು ಬಿಗಿದು, ಮದ್ದನ್ನು ಅಲ್ಲೇ ಕೂರಿಸುತ್ತಾನೆ. ಹಣಮಂತ್ರಾಯನ ಎದೆ ಡಬ್ ಡಬ್ ಅಂದದ್ದು ಬಹುಶಃ ಇವನಿಂದ. ಅದು ಅಲರ್ಜಿ ಅಲ್ಲ. ಆದರೆ ಇವನು ಗಾಳಿ ತಾಗಿದರೆ ಕೆಡುತ್ತಾನೆ, ಕಾಯಲಿಕ್ಕೆ ಮೂರನೆಯವ ಬೇಕು, ಮೆಟಾಬೈಸಲ್ಫೈಟ್."

"ಅಯ್ಯೋ, ಅದು ನಮ್ಮ ಬಟಾಟೆಯ ಪುಡಿ!" ಎಂದೆ. ಸಿಪ್ಪೆ ತೆಗೆದ ಬಟಾಟೆ ಕಪ್ಪಾಗಬಾರದೆಂದು ಹೋಟೆಲಿನಲ್ಲಿ ನೀರಿಗೆ ಒಂದು ಚಿಟಿಕೆ ಹಾಕುತ್ತಿದ್ದೆವು. ನಾನು ಒಬ್ಬನೇ ಹೀಗೆ ಬಿಳಿಯಾಗಿಟ್ಟ ಬಟಾಟೆಯನ್ನು ರಾಶಿ ಹಾಕಿದ್ದರೆ ಠಾಣೆಯ ರೈಲು ದಾರಿಯ ಪಾರಸಿಕ್ ಗುಡ್ಡದ ಪಕ್ಕ ಇನ್ನೊಂದು ಗುಡ್ಡ ಆಗುತ್ತಿತ್ತು.

"ಅದೇ ಅಥವಾ ಅದರ ಅಣ್ಣ ತಮ್ಮ" ಎಂದರು. "ನಾಲ್ಕನೆಯವ ಪ್ಯಾರಾಬೆನ್. ಮತ್ತೆ ಮತ್ತೆ ಚುಚ್ಚುವ ಬಾಟಲಿಯಲ್ಲಿ ಕ್ರಿಮಿ ಬೆಳೆಯಬಾರದೆಂದು ಹಾಕುವುದು. ನಿಮ್ಮ ಮನೆಯಲ್ಲಿ ಮುಖಕ್ಕೆ ಹಚ್ಚುವ ಕ್ರೀಮಿನ ಡಬ್ಬಿ ತಿರುಗಿಸಿ ನೋಡಿ, ಅಲ್ಲೂ ಸಿಕ್ಕಾನು. ಈಗ ಹೇಳಿ, ನಾಲ್ಕು ಜನ ಒಟ್ಟಿಗೆ ಮನೆಗೆ ನುಗ್ಗಿದ್ದಾರೆ, ಗಲಾಟೆ ಆಗಿದೆ, ಕಾರ್ಡಿನಲ್ಲಿ ಮಾತ್ರ ಒಬ್ಬನ ಹೆಸರು. ಮಾಡಿದವನು ಯಾರು?"

ನನಗೂ ಕುತೂಹಲ ಕೆರಳಿತು. ಮದ್ದೆಂದರೆ ಮದ್ದು ಎಂದು ಇಷ್ಟು ವರ್ಷ ತಿಳಿದಿದ್ದೆ. ಅದರೊಳಗೆ ಒಬ್ಬ ಬಾಗಿಲು ತೆರೆಯುವುದು, ಇನ್ನೊಬ್ಬ ಮುಚ್ಚುವುದು, ಮತ್ತಿಬ್ಬರು ಕಾವಲು ಕೂರುವುದು ನಡೆಯುತ್ತದೆಂದು ಯಾರಿಗೆ ಗೊತ್ತಿತ್ತು?

ಡಾಕ್ಟ್ರು ಎಡತೋಳಿನ ಬಟ್ಟೆ ಮಡಚಿ ಮುಂಗೈ ಮೇಜಿನ ಮೇಲಿಟ್ಟರು. ಕೂದಲೆಳೆಯಂಥ ಸೂಜಿಯಲ್ಲಿ ಒಂದೊಂದು ಬಗೆಯ ಮದ್ದನ್ನು ಚರ್ಮದೊಳಗೆ ಸಾಲಾಗಿ ಚುಕ್ಕೆ ಇಡಲು ಹೊರಟರು. ಸರಿಯಾಗಿ ಆ ಹೊತ್ತಿಗೆ ನನಗೆ ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ಏಕಾದಶಿ ಯಾವತ್ತು ಎಂದು ನೋಡುವ ತುರ್ತು ಬಂತು. ನೋಡಿ ಮುಗಿಸಿ ತಿರುಗುವಾಗ ಚುಕ್ಕೆಗಳು ಬಿದ್ದಾಗಿತ್ತು.

ಬರೀ ಉಪ್ಪುನೀರಿನ ಚುಕ್ಕೆ ಸುಮ್ಮನಿತ್ತು. ಏನೂ ಬೆರೆಸದ ಮದ್ದಿನ ಸುತ್ತ ತೆಳು ಕೆಂಪು ಬಳೆ. ಅಡ್ರಿನಲಿನ್ ಇದ್ದ ಚುಕ್ಕೆಯ ಸುತ್ತ ಚರ್ಮ ಸುಣ್ಣ ಬಳಿದ ಹಾಗೆ ಬಿಳಿ. ಅಡ್ರಿನಲಿನ್ ಇಲ್ಲದೆ ಪ್ಯಾರಾಬೆನ್ ಮಾತ್ರ ಸೇರಿದ ಬಾಟಲಿಯ ಮದ್ದು ಎಲ್ಲಕ್ಕಿಂತ ಕೆಂಪು.

"ನೋಡಿ, ನೋಡಿ!" ಡಾಕ್ಟ್ರು ಸಣ್ಣ ಹುಡುಗಿಯ ಹಾಗೆ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಕೆಡದ ಹಾಗೆ ಹಾಕಿದ್ದು ಸುಮ್ಮನೆ ಕೂತಿರುತ್ತದೆ ಅಂತ ಎಲ್ಲರೂ ತಿಳಿಯುತ್ತಾರೆ. ಅದೂ ನಾಳ ಅಗಲ ಮಾಡುತ್ತದೆ ಅಂತ ಓದಿದ್ದೆ. ಮದ್ದಿನ ಲೆಕ್ಕಕ್ಕೆ ಹಾಕಿದ ಕೆಂಪಿನಲ್ಲಿ ಎಷ್ಟು ಪಾಲು ಈ ಕಾವಲಿನವನದ್ದೋ!"

"ಅದು ನಿಮ್ಮ ನಾಳ ಡಾಕ್ಟ್ರೆ, ಮೆತ್ತಗೆ" ಎಂದೆ. ಯಾಕೆ ಅಂದೆನೋ, ಬಾಯಿಗೆ ಬಂತು. "ನನ್ನ ನಾಳ ನಾನು ಹೇಳದೆ ಅಲ್ಲಾಡುವುದಿಲ್ಲ."

ಕನ್ನಡಕದ ಮೇಲಿನಿಂದ ಆ ನೋಟ ಬಂತು. "ಹೌದಾ? ಹಾಗಾದರೆ ಒಳ್ಳೆಯದೇ ಆಯಿತು. ಠಾಣೆಯಲ್ಲಿ ಪ್ರಣೀತಾ ಇದ್ದಾಳೆ, ಚರ್ಮದ ಡಾಕ್ಟರು, ನನ್ನ ಅಕ್ಕನ ಮಗಳು. ಈ ಭಾನುವಾರ ಅವಳ ಆಸ್ಪತ್ರೆಯಲ್ಲಿ ಹಣಮಂತ್ರಾಯನಿಗೆ ಚುಕ್ಕೆ ಪರೀಕ್ಷೆ. ಯಾವುದು ಮೈಗೆ ಒಗ್ಗದೋ ಆ ಚುಕ್ಕೆ ಗುಳ್ಳೆಯಾಗಿ ಏಳುತ್ತದೆ. ಏನಾದರೂ ಆದರೆ ಅಲ್ಲಿ ಎಲ್ಲ ಸಿದ್ಧ ಇರುತ್ತದೆ. ನೀವೂ ಪಕ್ಕದಲ್ಲಿ ಕೂತು ಕೈ ಕೊಡಿ. ಅವನಿಗೆ ಧೈರ್ಯ, ನಮಗೆ ಹೋಲಿಸಲಿಕ್ಕೆ ಒಂದು ಕೈ. ಅರವತ್ತಮೂರು ಸಲ ಕೊಟ್ಟವರಿಗೆ ಇದೆಲ್ಲ ಏನು?"

ನಾನು ಎದೆ ಉಬ್ಬಿಸಿದೆ. ಬೇರೆ ದಾರಿ ಇರಲಿಲ್ಲ.

"ಮತ್ತೆ, ಹಣಮಂತ್ರಾಯನಿಗೆ ಫೋನ್ ಮಾಡಿ ಹೇಳಿ" ಎಂದು ಡಾಕ್ಟ್ರು ಬರೆಸಿದರು. "ಭಾನುವಾರದವರೆಗೆ ನೆಗಡಿ ಮಾತ್ರೆ, ತುರಿಕೆ ಮಾತ್ರೆ ಯಾವುದೂ ತಗೊಳ್ಳಬಾರದು. ತಗೊಂಡರೆ ಚುಕ್ಕೆ ಏಳುವುದೇ ಇಲ್ಲ."

"ಏಳದಿದ್ದರೆ ಏನು?"

"ಏನೂ ಇಲ್ಲ ಅಂತ ಕಾಣುತ್ತದೆ. ಆದರೆ..." ಒಳಗಿನ ಕುರ್ಚಿಯಿಂದ ಯಾರೋ ಕರೆದರು, ಡಾಕ್ಟ್ರು ಎದ್ದು ಹೋದರು. ಆ 'ಆದರೆ'ಯ ನಂತರದ್ದು ನನಗೆ ಕೇಳಿಸಲಿಲ್ಲ. ಕೇಳಿಸಿಕೊಳ್ಳಲು ನಾನು ಹಿಂದೆ ಹೋಗಲೂ ಇಲ್ಲ.

ಇಲ್ಲಿ ನಮ್ಮ ಹೋಟೆಲಿನ ಒಂದು ಪದ್ಧತಿ ಹೇಳಬೇಕು. ಅಡುಗೆಮನೆಯ ಶುಚಿ ನೋಡುವ ಇನ್‌ಸ್ಪೆಕ್ಟರ್ ಬರುತ್ತಾನೆಂದು ಮೊದಲೇ ಸುದ್ದಿ ಸಿಗುತ್ತಿತ್ತು. ಆ ದಿನ ನಮ್ಮ ಅಡುಗೆಮನೆ ಅಡುಗೆಮನೆಯಲ್ಲ, ಗರ್ಭಗುಡಿ. ದೋಸೆ ಹುಯ್ಯುವವನ ತಲೆಗೆ ಟೋಪಿ, ಚಟ್ನಿಗೆ ಮುಚ್ಚಳ, ನನ್ನ ಉಗುರು ಕೂಡ ಕತ್ತರಿಸಿರುತ್ತಿತ್ತು. ಇನ್‌ಸ್ಪೆಕ್ಟರ್ ಬೆರಳಿನಿಂದ ಕಪಾಟಿನ ಮೇಲೆ ಎಳೆದು ನೋಡಿದರೆ ಬೆರಳೇ ಇನ್ನಷ್ಟು ಬೆಳ್ಳಗಾಗಬೇಕು. ಮರುದಿನ ಟೋಪಿ ಮೊಳೆಗೆ. ಹದಿನೆಂಟು ವರ್ಷದಲ್ಲಿ ಒಂದು ಸಲವೂ ಫೇಲಾದವರಲ್ಲ ನಾವು. ಪರೀಕ್ಷೆ ಎಂಬುದು ಇರುವುದೇ ಪಾಸಾಗಲಿಕ್ಕೆ ಎಂದು ನಾನು ಕಲಿತದ್ದು ಅಲ್ಲಿ.

ಭಾನುವಾರ ಬೆಳಗ್ಗೆ ಠಾಣೆ ಸ್ಟೇಶನ್ನಿನಲ್ಲಿ, ನವಿ ಮುಂಬಯಿ ಕಡೆಯ ಗಾಡಿ ಬಂದು ನಿಲ್ಲುವ ಪ್ಲಾಟ್‌ಫಾರ್ಮಿನಲ್ಲಿ ಹಣಮಂತ್ರಾಯ, ಮರಗಮ್ಮ ಇಳಿದರು. ಊತ ಇಳಿದಿತ್ತು, ಹೆದರಿಕೆ ಏರಿತ್ತು. ಅವನ ತುಟಿ ಒಣಗಿತ್ತು.

"ಮುರಾರಣ್ಣ, ಚುಕ್ಕಿ ಎದ್ದರ?"

"ಏಳುವುದಿಲ್ಲ ಮಾರಾಯ. ನನ್ನ ಪಕ್ಕ ಕೂತವನಿಗೆ ಎಂತದ್ದೂ ಏಳುವುದಿಲ್ಲ."

"ಎದ್ದರ ಈ ಹಲ್ಲು ನನ್ನ ಬಾಯಾಗೇ ಕುಂದರ್ತದಲ್ಲಣ್ಣ."

ಇಬ್ಬರಿಗೂ ಟೀ ಕುಡಿಸಿದೆ. ಮರಗಮ್ಮ ಬಾಟಲಿಗೆ ನೀರು ತುಂಬಲು ಹೋದಾಗ ಅವನಿಗೆ ಸ್ವಲ್ಪ ಧೈರ್ಯವನ್ನೂ ಕೊಟ್ಟೆ. ನಾನೂ ಸ್ವಲ್ಪ ತೆಗೆದುಕೊಂಡೆ. ಆಮೇಲೆ ರಿಕ್ಷಾ ಹಿಡಿದು ಮಾಜಿವಾಡಾ. ಹೈವೇಯ ಗದ್ದಲದಲ್ಲಿ, ಆ ನೋವಿನ ಹಲ್ಲಿನವನು ಹೆಂಡತಿಯ ಹೆಗಲಿಗೆ ತಲೆ ಕೊಟ್ಟು ನಿದ್ದೆ ಮಾಡಿದ. ನನಗೂ ಒಂದು ಆಕಳಿಕೆ ಬಂತು. ಒಂದೇ ಒಂದು, ಆದರೆ ಅದು ಕ್ಯಾಡ್ಬರಿ ಜಂಕ್ಷನ್ನಿನಲ್ಲಿ ಶುರುವಾಗಿ ಆಸ್ಪತ್ರೆಯ ಗೇಟಿನಲ್ಲಿ ಮುಗಿಯಿತು.

ಡಾಕ್ಟರ್ ಪ್ರಣೀತಾ ಇಲ್ಲೇ ಹುಟ್ಟಿ ಬೆಳೆದವರು. ನಾವು ಕನ್ನಡದಲ್ಲಿ ಕೇಳಿದರೆ ಅವರು ಹಿಂದಿಯಲ್ಲಿ ಉತ್ತರ ಕೊಡುತ್ತಾರೆ, ತೀರಾ ಮುಖ್ಯವಾದದ್ದಿದ್ದರೆ ಮಾತ್ರ ಕನ್ನಡ. ನಮ್ಮ ಡಾಕ್ಟ್ರು ಮೊದಲೇ ಬಂದು ಕೂತಿದ್ದರು. ಪಕ್ಕದ ತಟ್ಟೆಯಲ್ಲಿ ತುರ್ತಿಗೆ ಬೇಕಾದ ಇಂಜೆಕ್ಷನ್ನುಗಳು, ಆಮ್ಲಜನಕದ ಸಿಲಿಂಡರು. ಆ ಸಿಲಿಂಡರು ನನ್ನನ್ನೇ ನೋಡುತ್ತಿತ್ತು.

"ಔಷಧ ಏನಾದರೂ ತಗೊಂಡಿದ್ದೀರಾ?" ಎಂದು ನಮ್ಮ ಡಾಕ್ಟ್ರು ಇಬ್ಬರನ್ನೂ ಕೇಳಿದರು.

"ನೀವ್ ಕೊಟ್ಟದ್ದೇರಿ" ಎಂದ ಹಣಮಂತ್ರಾಯ.

"ನನಗೆ ಔಷಧ ಎಂತಕ್ಕೆ ಡಾಕ್ಟ್ರೆ? ಔಷಧಕ್ಕೇ ನಾನು ಬೇಕು" ಎಂದೆ ನಾನು.

ಚುಕ್ಕೆಗಳನ್ನು ಇಟ್ಟರು. ಉಪ್ಪುನೀರು, ಬರೀ ಮದ್ದು, ಪ್ಯಾರಾಬೆನ್ ಸೇರಿದ ಮದ್ದು, ಅಡ್ರಿನಲಿನ್ನೂ ಅದನ್ನು ಕಾಯುವ ಬಟಾಟೆ ಪುಡಿಯೂ ಸೇರಿದ ಮದ್ದು. ಕೊನೆಗೆ ಮಣಿಕಟ್ಟಿನ ಹತ್ತಿರ ಐದನೆಯದೊಂದು. ಅದೇನೆಂದು ನಾನು ಕೇಳಲಿಲ್ಲ, ಏಕೆಂದರೆ ಆ ಗೋಡೆಯಲ್ಲೂ ಒಂದು ಕ್ಯಾಲೆಂಡರ್ ಇತ್ತು. ಗಡಿಯಾರದಲ್ಲಿ ಇಪ್ಪತ್ತು ನಿಮಿಷ ಇಟ್ಟರು. ಹಣಮಂತ್ರಾಯ ಗೊರಕೆ ಹೊಡೆದ.

ಇಪ್ಪತ್ತು ನಿಮಿಷಕ್ಕೆ ಪ್ರಣೀತಾ ದೀಪ ಹತ್ತಿರ ಎಳೆದು ಮೊದಲು ಹಣಮಂತ್ರಾಯನ ಕೈ ನೋಡಿದರು. ಯಾವ ಚುಕ್ಕೆಯೂ ಎದ್ದಿರಲಿಲ್ಲ. ಮರಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಪಾಸ್ ಆದ್ರೇನ್ರಿ?" ಎಂದಳು. ನನ್ನ ಕೈಯಲ್ಲೂ ಯಾವುದೂ ಎದ್ದಿರಲಿಲ್ಲ.

"ನಾನು ಹೇಳಲಿಲ್ಲವಾ!" ಎಂದು ನಾನು ಕೈ ಎತ್ತಿ ತಿರುಗಿಸಿ ಎಲ್ಲರಿಗೂ ತೋರಿಸಿದೆ. "ನನ್ನ ಅಪ್ಪಣೆ ಇಲ್ಲದೆ ಒಂದಾದರೂ ಅಲ್ಲಾಡಿತಾ? ಈ ಐದನೆಯದು ನೋಡಿ, ಅತ್ಯಂತ ವಿಧೇಯ!"

ಇಬ್ಬರು ಡಾಕ್ಟರುಗಳೂ ಮುಖ ಮುಖ ನೋಡಿಕೊಂಡರು. "ಮೌಶಿ, ಐಸಾ ಹಾಥ್ ಮೈನೇ ಕಹೀಂ ನಹೀಂ ದೇಖಾ" ಎಂದರು ಪ್ರಣೀತಾ. ಆಗಲೇ ನಾನು ನಿಮಗೆ ಹೇಳಿದೆನಲ್ಲ, ಇಂಥ ಕೈ ನೋಡಿಲ್ಲ ಅಂದರು ಅಂತ, ಅದು ಇದೇ. ಆದರೆ ಅವರು ನಗುತ್ತಿರಲಿಲ್ಲ. "ಐದನೆಯದು ಹಿಸ್ಟಮಿನ್" ಎಂದು ಕನ್ನಡಕ್ಕೆ ಇಳಿದರು. ಆಗ ನಾನು ಎತ್ತಿದ ಕೈ ಇಳಿಸಿದೆ. "ಅಲರ್ಜಿ ಇರಲಿ, ಇಲ್ಲದಿರಲಿ, ಅದು ಎಲ್ಲರಿಗೂ ಏಳಬೇಕು. ಸೊಳ್ಳೆ ಕಚ್ಚಿದ ಹಾಗೆ. ಅದು ಏಳದಿದ್ದರೆ ಉಳಿದ ಯಾವ ಚುಕ್ಕೆಯ ಮಾತನ್ನೂ ನಂಬಬಾರದು."

"ಬಾಟಲಿ ಹಳೆಯದಿರಬಹುದು" ಎಂದೆ ನಾನು, ಬೇಗ ಬೇಗ.

ಪ್ರಣೀತಾ ಅದೇ ಬಾಟಲಿಯಿಂದ ತಮ್ಮ ಕೈಗೇ ಒಂದು ಚುಕ್ಕೆ ಇಟ್ಟುಕೊಂಡರು. ಎಲ್ಲರೂ ಕಾದೆವು. ಹತ್ತು ನಿಮಿಷ ಆಗಿರಲಿಲ್ಲ, ಅವರ ಕೈಯ ಮೇಲೆ ನಾಲ್ಕಾಣೆಯಷ್ಟು ಅಗಲದ ಕೆಂಪು, ಅದರ ನಡುವೆ ಬೆಳ್ಳಗಿನ ಗುಳ್ಳೆ. ಬಾಟಲಿ ಹಳೆಯದಲ್ಲ.

"ಮುರಾರಿಯವರ ನಾಳಗಳೇ ಸತ್ತಿವೆಯೋ ಏನೋ" ಎಂದರು ನಮ್ಮ ಡಾಕ್ಟ್ರು, ಆ ಕನ್ನಡಕದ ಮೇಲಿನಿಂದ. ಕುರ್ಚಿ ಹತ್ತಿರ ಬಂತು. "ಇಲ್ಲವಲ್ಲ. ಅಡ್ರಿನಲಿನ್ನಿನ ಚುಕ್ಕೆ ಇಬ್ಬರಿಗೂ ಚೆನ್ನಾಗಿ ಬಿಳಿಯಾಗಿದೆ, ಅಂದರೆ ನಾಳ ಮುಚ್ಚಲು ಬರುತ್ತದೆ. ಬರೀ ಮದ್ದಿನ ಚುಕ್ಕೆ, ಎದ್ದಿಲ್ಲ ನಿಜ, ಆದರೆ ಇಬ್ಬರಿಗೂ ಸುತ್ತ ತೆಳು ಕೆಂಪು ಬಂದಿದೆ, ಅಂದರೆ ತೆರೆಯಲೂ ಬರುತ್ತದೆ. ನಾಳಗಳೆಲ್ಲ ಜೀವಂತ. ಅಲರ್ಜಿ ಬರುವ ಬಾಗಿಲು ಒಂದಕ್ಕೆ ಮಾತ್ರ ಬೀಗ. ಅದೂ ಇಬ್ಬರಿಗೂ, ಒಂದೇ ದಿನ. ಇಬ್ಬರಿಗೂ ನಿದ್ದೆ. ಮುರಾರಿ, ಬೀಗ ಯಾರು ಹಾಕಿದ್ದು?"

ನಾನು ಕ್ಯಾಲೆಂಡರ್ ನೋಡಿದೆ. ಈ ಸಲ ಅದರಲ್ಲಿ ನೋಡಲಿಕ್ಕೆ ಏನೂ ಇರಲಿಲ್ಲ.

ಹಣಮಂತ್ರಾಯನೇ ಮೆಲ್ಲಗೆ ಬಾಯಿಬಿಟ್ಟ. "ಅಣ್ಣ ಠೇಸನ್ನಿನ್ಯಾಗ ಎರಡ್ ಗುಳಿಗಿ ಕೊಟ್ಟಾನ್ರಿ. ನೀವೇ ಕೊಡ್ಲಾಕ ಹೇಳೀರಿ ಅಂದ. ಅದಕ್ಕ ನಾ, ನೀವ್ ಕೊಟ್ಟದ್ದೇ ಅಂದೆ."

ಮರಗಮ್ಮ ನನ್ನನ್ನು ನೋಡಿದ ನೋಟಕ್ಕಿಂತ ಆ ಸಿಲಿಂಡರೇ ವಾಸಿ.

"ತುರಿಕೆಯ ಗುಳಿಗೆ ಡಾಕ್ಟ್ರೆ" ಎಂದೆ. "ಎಟ್ಟಿ ಅಂದರೆ ಸೀಗಡಿ ತಿಂದರೆ ನನಗೆ ಮೈಯೆಲ್ಲ ತುರಿಸುವ ದಡಿಕೆ ಏಳುತ್ತದೆ, ಆದರೆ ಬಿಡಲಿಕ್ಕೆ ಆಗುವುದಿಲ್ಲ. ಅದಕ್ಕೆ ಕಿಸೆಯಲ್ಲಿ ಯಾವಾಗಲೂ ಇರುತ್ತದೆ. ತಗೊಂಡರೆ ಚುಕ್ಕೆ ಏಳುವುದಿಲ್ಲ ಅಂತ ನೀವೇ ಹೇಳಿದಿರಿ. ಇವನು ಪಾಸಾಗಲಿ, ಹಲ್ಲು ಬರಲಿ ಅಂತ ಕೊಟ್ಟೆ. ಒಬ್ಬನಿಗೇ ಕೊಟ್ಟರೆ ಗೊತ್ತಾಗುತ್ತದೆ, ಅದಕ್ಕೆ ನಾನೂ ನುಂಗಿದೆ."

"ಇದು ಇನ್‌ಸ್ಪೆಕ್ಷನ್ ಅಲ್ಲ ಮುರಾರಿ" ಎಂದರು ಡಾಕ್ಟ್ರು. ಬೈದಿದ್ದರೆ ಆಗುತ್ತಿತ್ತು, ಅವರು ಬೈಯಲಿಲ್ಲ. "ಐದನೆಯ ಚುಕ್ಕೆ ಇಡದೆ ಇದ್ದಿದ್ದರೆ ಇವತ್ತೇ ಕಾರ್ಡು ಹರಿದು ಹಾಕಿ, ನಾಳಿದ್ದು ನಮ್ಮ ಕುರ್ಚಿಯಲ್ಲಿ ಅದೇ ದೊಡ್ಡ ಬಾಟಲಿಯಿಂದ ಇವನಿಗೆ ಚುಚ್ಚುತ್ತಿದ್ದೆ. ಅವತ್ತು ನಿಮ್ಮ ಗುಳಿಗೆ ಇವನ ಮೈಯಲ್ಲಿ ಇರುತ್ತಿರಲಿಲ್ಲ. ಆಗ ಏಳುವುದು ಚುಕ್ಕೆ ಅಲ್ಲ."

ಆ 'ಆದರೆ'ಯ ನಂತರದ್ದು ಇದು.

ಹಣಮಂತ್ರಾಯ ಚುಕ್ಕೆ ಏಳದ ತನ್ನ ಕೈಯನ್ನು ನನ್ನ ಮುಂದೆ ಹಿಡಿದ. "ಅಣ್ಣಾ" ಎಂದ, "ನಮ್ಮಲ್ಲಿ ಸರಳ ಸರಿ ಕಟ್ಟೀವಿಲ್ಲ ನೋಡ್ಲಾಕ ಇಂಜಿನೇರ ಬರ್ತಾನ. ಅಂವಾ ಬಂದಾಗಷ್ಟೇ ಬಿಗದ್ ಕಟ್ಟಿದ್ರ, ಮುಂದ ಸ್ಲ್ಯಾಬ್ ಯಾರ ತಲಿ ಮ್ಯಾಲ ಬೀಳ್ತದ? ಇಷ್ಟೂ ತಿಳೀಲಿಲ್ಲೇನ್ ನಿನಗ?"

ನನಗೆ ತಿಳಿದಿರಲಿಲ್ಲ. ಹದಿನೆಂಟು ವರ್ಷ ನಮ್ಮ ಮುಚ್ಚಳವಿಲ್ಲದ ಚಟ್ನಿ ಯಾರ ಹೊಟ್ಟೆಗೆ ಹೋಯಿತೆಂದು ನಾನು ಯೋಚಿಸಿದವನಲ್ಲ.

ಗುಳಿಗೆಯ ಗುಣ ಮೈಬಿಡಲು ಒಂದು ವಾರ ಬೇಕು ಎಂದರು ಪ್ರಣೀತಾ. ಹಲ್ಲಿಗೆ ಬರೆದ ಮದ್ದನ್ನು ನಮ್ಮ ಡಾಕ್ಟ್ರು ಅಷ್ಟು ದಿನಕ್ಕೆ ಮುಂದುವರಿಸಿದರು. ನನ್ನಿಂದಾಗಿ ಹಣಮಂತ್ರಾಯ ಇನ್ನೂ ಒಂದು ವಾರ ರೊಟ್ಟಿಯನ್ನು ನೀರಿನಲ್ಲಿ ನೆನೆಸಿ ತಿಂದ. ಆ ವಾರ ದಿನಾ ಡೊಂಬಿವಲಿಯಿಂದ ಸೀವುಡ್ಸ್‌ಗೆ ನಾನು ಮೆತ್ತಗಿನ ಅನ್ನ, ಸಾರು ಹೊತ್ತುಕೊಂಡು ಹೋದೆ. ದಿನಾ ಅಂದರೆ ಮೂರು ದಿನ. ಮೊದಲ ದಿನ ಮರಗಮ್ಮ ಡಬ್ಬಿ ಒಳಗಿಟ್ಟುಕೊಂಡು ನನ್ನನ್ನು ಹೊರಗೆ ನಿಲ್ಲಿಸಿದಳು. ಮೂರನೆಯ ದಿನ ಚಹಾ ಕೊಟ್ಟಳು. "ಇದರಾಗ ಏನೂ ಹಾಕಿಲ್ಲರಿ, ಹೆದರದೆ ಕುಡೀರಿ" ಎಂದಳು.

ಮುಂದಿನ ಭಾನುವಾರ ಅದೇ ಕೋಣೆ, ಅದೇ ಐದು ಚುಕ್ಕೆ. ಐದನೆಯದು ಎಲ್ಲರಿಗೂ ಏಳಬೇಕಾದ ಹಾಗೆ ಎದ್ದಿತು. ಅದರ ಜೊತೆಗೆ ಹಣಮಂತ್ರಾಯನ ಕೈಯಲ್ಲಿ ಇನ್ನೊಂದೇ ಒಂದು ಎದ್ದಿತು, ಅಂಚು ಉಬ್ಬಿ, ಕೆರೆಯುವಂತೆ: ಪ್ಯಾರಾಬೆನ್ ಸೇರಿದ್ದು. ಬರೀ ಮದ್ದು ಸುಮ್ಮನೆ ತನ್ನ ತೆಳು ಕೆಂಪಿನಲ್ಲಿತ್ತು. ಅಡ್ರಿನಲಿನ್ನು, ಬಟಾಟೆ ಪುಡಿ ಸೇರಿದ್ದು ಬೆಳ್ಳಗೆ ಮಲಗಿತ್ತು. ಆಮೇಲೆ ಆ ಬರೀ ಮದ್ದನ್ನೇ ಹನಿ ಹನಿಯಾಗಿ ಹೆಚ್ಚಿಸುತ್ತ ಕೊಟ್ಟು, ಮಧ್ಯಾಹ್ನದವರೆಗೆ ಕೂರಿಸಿ ನೋಡಿದರು. ಏನೂ ಆಗಲಿಲ್ಲ. ಒಂದು ವರ್ಷ ಮದ್ದಿನ ಹೆಸರಿಗಿದ್ದ ಅಪವಾದ ಕಾವಲಿನವನದ್ದು.

ಪ್ರಣೀತಾ ಹೊಸ ಕಾರ್ಡು ಬರೆದರು. ಬುಧವಾರ ನಮ್ಮ ಡಾಕ್ಟ್ರು ಒಬ್ಬರಿಗೇ ಒಂದು ಸಲ ಬಳಸುವ, ಪ್ಯಾರಾಬೆನ್ ಇಲ್ಲದ ಸಣ್ಣ ಗಾಜಿನ ಕೊಳವೆಯ ಮದ್ದು ತರಿಸಿ ಹಲ್ಲು ಕಿತ್ತರು. "ಆತೇನ್ರಿ? ಯಾವಾಗ?" ಎಂದು ಕೇಳಿದ ಹಣಮಂತ್ರಾಯ, ಹಲ್ಲು ಆಗಲೇ ತಟ್ಟೆಯಲ್ಲಿತ್ತು. ಹಳೆಯ ಕಾರ್ಡನ್ನು ಮರಗಮ್ಮ ನನ್ನ ಮೇಜಿನ ಮುಂದೆ ನಿಂತೇ ಹರಿದಳು, ಎಂಟು ತುಂಡು.

ಇನ್ನು ಎರಡನೆಯ ಭಾನುವಾರ ನನ್ನ ಕೈ ಏನಾಯಿತೆಂದು ನೀವು ಕೇಳುವುದಿಲ್ಲ ಎಂದುಕೊಂಡಿದ್ದೆ. ಇದನ್ನು ಬರೆದು ಓದಿ ಹೇಳಿದಾಗ ಹಣಮಂತ್ರಾಯ ಕೇಳಿದ. "ಅಣ್ಣಾ, ಅದನ್ಯಾಕ್ ಬಿಟ್ಟಿ? ಬರಿ" ಎಂದು, ಜೋಳದ ಕಡಕ್ ರೊಟ್ಟಿಯನ್ನು ಎದುರಿಗೇ ಮುರಿದು ಅಗಿಯುತ್ತ ಕೂತಿದ್ದಾನೆ.

ಸರಿ, ಬರೆಯುತ್ತೇನೆ. ಅವತ್ತು ಗುಳಿಗೆ ಇರಲಿಲ್ಲ. ಪ್ರಣೀತಾ ಸೂಜಿ ಎತ್ತಿದರು. ಕ್ಯಾಲೆಂಡರನ್ನು ಯಾರೋ ಗೋಡೆಯಿಂದ ತೆಗೆದಿದ್ದರು. ನಾನು ಸೂಜಿಯನ್ನು ನೋಡಿದೆ, ಆಮೇಲೆ ಮೇಲಿನ ಫ್ಯಾನನ್ನು ನೋಡಿದೆ, ಆಮೇಲೆ ನೋಡಿದ್ದು ಹಣಮಂತ್ರಾಯನ ಮುಖ, ಕೆಳಗಿನಿಂದ. ಅವನ ತೊಡೆಯ ಮೇಲೆ ನನ್ನ ತಲೆ ಇತ್ತು. ನನಗೆ ಧೈರ್ಯ ಹೇಳುತ್ತಿದ್ದವನು ಅವನು. ಒಂದು ಚುಕ್ಕೆಯೂ ಇನ್ನೂ ಬಿದ್ದಿರಲಿಲ್ಲ. ಆಮೇಲೆ ಇಟ್ಟಾಗ ಐದನೆಯದು ನನಗೂ ಎದ್ದಿತು, ಎಲ್ಲರಿಗೆ ಏಳುವಷ್ಟೇ, ನಾನು ಹೇಳುವ ಮೊದಲೇ. ಮತ್ತೆ ಆ ಅರವತ್ತಮೂರು ಸಲದ ರಕ್ತದಾನ, ಅದು ಒಂದು ಸಲ. ಒಂದು ಸಲವೂ ಅಲ್ಲ. ಸಾಲಿನಲ್ಲಿ ನಿಂತಿದ್ದೆ, ನನ್ನ ಸರದಿ ಬರುವ ಮೊದಲು ಮನೆಗೆ ಬಂದೆ.